ಎರಡನೇ ಕೂಗು

ಮೊನ್ನೆ ಮೆಟ್ರೋದಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಜೇಬಿನಿಂದ ಪುಟ್ಟ ಡಬ್ಬಿ ತೆಗೆದರು. ಅತ್ತಿತ್ತ ನೋಡಿ, ಯಾರೂ ಗಮನಿಸುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಒಂದು ಚಿಟಿಕೆ ನಶ್ಯ ಏರಿಸಿದರು. ರೈಲು ಆಗಷ್ಟೇ ದೀಪಾಂಜಲಿ ನಗರ ದಾಟಿತ್ತು. ಆ ಒಣ, ಖಾರದ ವಾಸನೆ ಮೂಗಿಗೆ ಬಡಿದದ್ದೇ ನಾನು ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕಾಲ ಕೆಳಗಿನ ನೆಲ ಇದೆಯೇ ಎಂದು ಪಾದದಿಂದ ಒತ್ತಿ ನೋಡಿದೆ.

"ಯಾಕಮ್ಮಾ, ನಶ್ಯ ಆಗಲ್ವಾ ನಿಂಗೆ?" ಎಂದು ಹಿರಿಯರು ಗಾಬರಿಯಾದರು.

"ಪರವಾಗಿಲ್ಲ ಅಂಕಲ್. ಗೊತ್ತಿರೋ ವಾಸನೆ" ಎಂದೆ.

ಗಡಿಯಾರದಲ್ಲಿ ಐದು ಗಂಟೆ ಆಗುತ್ತಾ ಬಂದಿತ್ತು. ಆದರೆ ಆ ವಾಸನೆ ಬಂದಾಗಲೆಲ್ಲ ನನ್ನ ಪಾಲಿಗೆ ಆಗುವುದು ಒಂದೇ ಹೊತ್ತು. ಮಧ್ಯಾಹ್ನ ಮೂರೂಕಾಲು. ಮೂರೂಕಾಲಿಗೆ ಮಂಜು ಬಂತು…

ನಮ್ಮ ಎದುರುಮನೆ ಆಂಟಿ ನಶ್ಯ ಏರಿಸುತ್ತಿರಲಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಕಲೆಸಿ ಕಾಲುಚೀಲಕ್ಕೆ ಹಚ್ಚಿಕೊಳ್ಳುತ್ತಿದ್ದರು. ಬೆಟ್ಟ ಹತ್ತುವಾಗ ಜಿಗಣೆ ಹತ್ತದಿರಲಿ ಎಂದು. ನನ್ನ ಕಾಲಿಗೂ ಅವರೇ ಹಚ್ಚುವರು. "ನೀನು ಟೀಚರ್ ಆಗಿರೋದು ಸ್ಕೂಲಲ್ಲಿ. ಇಲ್ಲಿ ಕಾಲು ನೀಡು" ಎನ್ನುವರು.

ಆರ್‌ಪಿಸಿ ಲೇಔಟಿನ ನಮ್ಮ ರಸ್ತೆಗೆ ಅವರು ಮದುವೆಯಾಗಿ ಬಂದದ್ದು ನಾನು ಹುಟ್ಟುವ ಮೊದಲು. ತವರು ಕೆಂಗೇರಿಯ ಹಳೇ ಊರು. ಈಗ ನಾನು ವಿಜ್ಞಾನ ಪಾಠ ಮಾಡುವ ಶಾಲೆಯ ಆಚೆ ಎಲ್ಲೋ ಅವರ ಅಪ್ಪನ ರಾಗಿ ಹೊಲವಿತ್ತಂತೆ. ನನ್ನನ್ನು ಅವರು ಯಾವತ್ತೂ ಹೆಸರು ಹಿಡಿದು ಕರೆದವರಲ್ಲ. ತೊಟ್ಟಿಲಲ್ಲಿದ್ದಾಗಲೂ ಮರಿ, ಕೆಲಸಕ್ಕೆ ಸೇರಿದ ಮೇಲೂ ಮರಿ. ಹಾಗೆ ಕರೆಯುತ್ತಿದ್ದದ್ದು ಅವರೊಬ್ಬರೇ. ಈ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ಅವರಿಗೊಂದು ಅಭ್ಯಾಸವಿತ್ತು. ಯಾರನ್ನೇ ಆಗಲಿ ಎರಡು ಸಲ ಕರೆಯುವರು. ಬೆಳಿಗ್ಗೆ ಕೈಯಲ್ಲಿ ಮಲ್ಲಿಗೆಯ ಪೊಟ್ಟಣ ಹಿಡಿದು ನಮ್ಮ ಗೇಟಿನ ಬಳಿ ನಿಂತರೆ "ಮರೀ… ಮರೀ". ತಮ್ಮನ್ನು ಯಾರಾದರೂ ಒಂದೇ ಸಲ ಕರೆದರೆ ಜಪ್ಪಯ್ಯ ಎಂದರೂ ಓ ಎನ್ನುತ್ತಿರಲಿಲ್ಲ. ಒಳಗೇ ನಿಂತು ಎರಡನೆಯದಕ್ಕೆ ಕಾಯುವರು. ಇದು ಗೊತ್ತಿಲ್ಲದ ಹೊಸ ಗ್ಯಾಸಿನವನು ಒಮ್ಮೆ "ಗ್ಯಾಸ್!" ಎಂದು ಕೂಗಿ, ಉತ್ತರ ಬರದೆ ಸಿಲಿಂಡರ್ ಹೊತ್ತುಕೊಂಡು ಹೊರಟೇಹೋದ. ಅವತ್ತು ಅವರ ಗಂಡ, ನಮ್ಮ ಅಂಕಲ್, ಅಕ್ಕಿ ತೊಳೆದಿದ್ದ ಕುಕ್ಕರನ್ನೇ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ನಿಮ್ಮ ಆಂಟಿ ದೆವ್ವಕ್ಕೆ ಹೆದರ್ಕೊಂಡು ನನ್ನ ಉಪವಾಸ ಕೆಡವಿದಾಳೆ, ನಿಮ್ಮ ಒಲೆ ಮೇಲೆ ಇಡಮ್ಮ" ಎಂದು ನನ್ನ ಅಮ್ಮನಿಗೆ ಕೊಟ್ಟರು.

ಆಂಟಿ ಹೊಸದಾಗಿ ಮದುವೆಯಾಗಿ ಬಂದ ಕಾಲದಲ್ಲಿ ಈ ಕಡೆಯ ಮನೆಗಳ ಬಾಗಿಲ ಮೇಲೆಲ್ಲ 'ನಾಳೆ ಬಾ' ಎಂದು ಬರೆದಿರುತ್ತಿದ್ದರಂತೆ. ದೆವ್ವವೊಂದು ಮನೆಯವರದೇ ದನಿಯಲ್ಲಿ ಬಾಗಿಲ ಹೊರಗೆ ನಿಂತು ಕರೆಯುತ್ತದೆ, ಓ ಎಂದವರು ಉಳಿಯುವುದಿಲ್ಲ ಎಂಬ ಸುದ್ದಿ. ಬರಹ ಓದಿಕೊಂಡು ಅದು ನಾಳೆ ಬರೋಣವೆಂದು ಹೋಗುತ್ತದೆ, ನಾಳೆ ಬಂದರೂ 'ನಾಳೆ ಬಾ' ಎಂದೇ ಇರುತ್ತದೆ. ಅವರ ಮನೆಗೆ ಆಮೇಲೆ ಎಷ್ಟೋ ಸಲ ಬಣ್ಣ ಬಳಿದರು. ಪ್ರತಿ ಸಲವೂ ಆಂಟಿ ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಸೀಮೆಸುಣ್ಣದಲ್ಲಿ ಸಣ್ಣಗೆ ಮತ್ತೆ ಬರೆದರು.

"ದೆವ್ವಕ್ಕೆ ಕನ್ನಡ ಓದಕ್ಕೆ ಬರತ್ತಾ ಆಂಟಿ?" ಎಂದು ನಾನು ಕೆಣಕುತ್ತಿದ್ದೆ.

"ಕೆಂಗೇರಿ ಕಡೆ ದೆವ್ವ ಕಣೇ. ನಿಮ್ಮ ಸ್ಕೂಲ್ ಮಕ್ಕಳಿಗಿಂತ ಚೆನ್ನಾಗ್ ಬರತ್ತೆ." ಆಮೇಲೆ ಸ್ವಲ್ಪ ಗಂಭೀರವಾಗಿ, "ದೆವ್ವ ಒಂದೇ ಸಲ ಕರೆಯೋದು ಮರಿ. ಎರಡನೇ ಸಲ ಕರೆಯೋದು ಮನುಷ್ಯರು ಮಾತ್ರ. ಬೇಕಾದೋರು ಬಿಟ್ಟು ಹೋಗಲ್ಲ ನೋಡು" ಎನ್ನುವರು.

ಕಚೇರಿ ಕೆಲಸದಿಂದ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡ ವರ್ಷ ಅವರಿಗೆ ಬೆಟ್ಟದ ಹುಚ್ಚು ಹಿಡಿಯಿತು. ಘಟ್ಟದ ಮೇಲಿನ ಒಂದು ರಾಷ್ಟ್ರೀಯ ಉದ್ಯಾನದಲ್ಲಿ ಮಳೆಗಾಲ ಇಳಿಮುಖವಾಗುವ ಹೊತ್ತಿಗೆ ಸ್ವಯಂಸೇವಕರು ಬೇಕಾಗುತ್ತಾರೆಂದು ಎಲ್ಲಿಂದಲೋ ತಿಳಿದುಕೊಂಡು ಬಂದರು. ಉದ್ಯಾನದ ಹೆಸರು ಬರೆಯಲು ನನಗಿನ್ನೂ ಕೈ ಬರುವುದಿಲ್ಲ… ಬಿಡಿ. ಚಾರಣಕ್ಕೆ ಬರುವವರ ಜೊತೆ ನಡೆಯುವುದು, ಅವರು ಬಿಸಾಡಿದ್ದನ್ನು ಹೆಕ್ಕುವುದು, ದಾರಿ ತಪ್ಪದಂತೆ ನೋಡಿಕೊಳ್ಳುವುದು ಕೆಲಸ. "ವಾಲಂಟರಿ ತಗೊಂಡು ವಾಲಂಟಿಯರ್ ಆದೆ" ಎಂದು ಅವರು ಇಡೀ ರಸ್ತೆಗೆ ಹೇಳಿಕೊಂಡು ಬಂದರು. "ಈ ವಯಸ್ಸಲ್ಲಿ ಬೆಟ್ಟ ಹತ್ತೋದು ತಿರುಪತಿಗೆ ಮಾತ್ರ" ಎಂದರು ಅಂಕಲ್. "ಅಲ್ಲಿಗೂ ನೀವು ಬಸ್ಸಲ್ಲೇ ಹತ್ತಿದ್ದು" ಎಂದರು ಆಂಟಿ. ದಸರಾ ರಜೆಯಲ್ಲಿ ನನ್ನನ್ನೂ ಎಳೆದುಕೊಂಡು ಹೋದರು. ಮೊದಲ ವರ್ಷ ಹೋದದ್ದು ಅವರ ಒತ್ತಾಯಕ್ಕೆ. ಎರಡನೇ ವರ್ಷ ನಾನೇ ಮುಂಚಿತವಾಗಿ ಬೂಟು ತೊಳೆದಿಟ್ಟುಕೊಂಡಿದ್ದೆ.

ಚಾರಣಿಗರ ಸಾಲಿನ ಕಟ್ಟಕಡೆಗೆ ನಡೆದು, ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವವರನ್ನು ಅಲ್ಲಿ 'ಬಾಲ' ಎನ್ನುತ್ತಿದ್ದರು. ಎರಡನೇ ವರ್ಷದ ಆ ದಿನ ಬಾಲ ನಾವಿಬ್ಬರು. ಮುಂದೆ ಅರಣ್ಯದ ವಾಚರ್, ನಡುವೆ ಬೆಂಗಳೂರಿನಿಂದಲೇ ಬಂದ ಹುಡುಗರ ಒಂದು ಗುಂಪು. ಹೊರಡುವ ಮುನ್ನ ಆಂಟಿ ಅವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ತಮ್ಮ ಪಾಠ ಒಪ್ಪಿಸಿದರು. "ಮಂಜು ಬಂದ್ರೆ ನಿಂತಲ್ಲೇ ನಿಲ್ಲಿ. ಒಬ್ಬರನ್ನೊಬ್ಬರು ಎರಡು ಸಲ ಕರೀರಿ. ಒಂದ್ಸಲ ಕೂಗಿದ್ರೆ ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ. ಮೊದಲ ಕೂಗು ಕಿವಿಗೆ, ಎರಡನೇದು ದಿಕ್ಕಿಗೆ."

ಅಜ್ಜಿ ಕಾಲದ ದೆವ್ವವನ್ನು ಹೀಗೆ ಬೆಟ್ಟದ ನಿಯಮವಾಗಿ ತಿರುಗಿಸಿದ್ದು ಕಂಡು ನನಗೆ ನಗು. ಆದರೆ ಮಾತು ನಿಜವಿತ್ತು. ಮಂಜಿನಲ್ಲಿ, ಗಾಳಿಯಲ್ಲಿ, ಒಂಟಿ ಕೂಗಿಗೆ ದಿಕ್ಕಿರುವುದಿಲ್ಲ. 

"ಆಂಟಿ, ದೆವ್ವ ಕರೆದ್ರೆ?" ಎಂದ ಒಬ್ಬ ಹುಡುಗ.

"ನೆಟ್‌ವರ್ಕ್ ಇಲ್ಲ ಅನ್ನು ಮಗಾ" ಎಂದ ಇನ್ನೊಬ್ಬ.

"ನಿಮ್ಮನ್ನ ಯಾವ ದೆವ್ವನೂ ಕರೆಯಲ್ಲ, ಸಾಕೋಕಾಗಲ್ಲ ಅಂತ ಅದಕ್ಕೂ ಗೊತ್ತು" ಎಂದರು ಆಂಟಿ. ಹುಡುಗರು ಶಿಳ್ಳೆ ಹಾಕಿದರು.

ಇಳಿಯುವಾಗ ಬೆಟ್ಟದ ಬೆನ್ನ ಮೇಲೆ ಒಂದು ಕಡೆ ದಾರಿ ಸಪೂರವಾಗುತ್ತದೆ. ಬಲಕ್ಕೆ ಹುಲ್ಲಿನ ಇಳಿಜಾರು, ಮೆಲ್ಲಗೆ ಕಾಡಿನ ಕಡೆ ಹೋಗುತ್ತದೆ. ಎಡಕ್ಕೂ ಹುಲ್ಲು, ಸೊಂಟದೆತ್ತರ. ಆದರೆ ಅದು ಒಂದಷ್ಟು ದೂರದವರೆಗೆ ಮಾತ್ರ ನೆಲದ ಮೇಲಿನ ಹುಲ್ಲು. ಆಚೆಗೆ ಹುಲ್ಲು ಬಾಗಿ ನಿಂತಿರುತ್ತದೆ, ಕೆಳಗೆ ನೆಲವಿರುವುದಿಲ್ಲ. ಮುಂದೆ ಹೋದ ಹುಡುಗರು ಬಿಸಾಡಿದ ಚಿಪ್ಸ್ ಪ್ಯಾಕೆಟ್ಟೊಂದು ಆ ಎಡಗಡೆಯ ಹುಲ್ಲಿಗೆ ಸಿಕ್ಕಿಕೊಂಡು ಹೊಳೆಯುತ್ತಿತ್ತು.

"ಈ ಮುಂಡೇವಕ್ಕೆ ಎಷ್ಟ್ ಹೇಳಿದ್ರೂ ಅಷ್ಟೇ. ಅದೊಂದು ಎತ್ಕೊಂಡ್ ಬರ್ತೀನಿ. ನೀನು ಅಲ್ಲೇ ನಿಂತಿರು, ಅಲ್ಲಾಡ್ಬೇಡ."

ನಾನು ಕೈಗಡಿಯಾರ ನೋಡಿಕೊಂಡೆ. ಕತ್ತಲೊಳಗೆ ಕ್ಯಾಂಪ್ ಸೇರುತ್ತೇವೋ ಇಲ್ಲವೋ ಎಂಬ ಲೆಕ್ಕಕ್ಕೆ, ಅಷ್ಟೇ. ಮೂರೂಕಾಲು. ತಲೆ ಎತ್ತಿದಾಗ ಅವರು ಪ್ಯಾಕೆಟ್ಟಿಗೆ ಕೈ ಚಾಚಿದ್ದರು. ಗಾಳಿ ಅದನ್ನು ಬಿಡಿಸಿ ಇನ್ನೊಂದಿಷ್ಟು ಆಚೆಗೆ ಒಯ್ದಿತು. ಅವರೂ ಇನ್ನೊಂದಿಷ್ಟು ಆಚೆಗೆ ಹೋದರು. ಅವರ ನೀಲಿ ರೇನ್‌ಕೋಟು, ಅದರ ಮೇಲೆ ಬಿದ್ದ ಜಡೆ… ಆಮೇಲೆ ಮಂಜು ಬಂತು. ಬಂತು ಎನ್ನುವುದೂ ತಪ್ಪು. ಯಾರೋ ಬಿಳಿ ಪಂಚೆಯನ್ನು ನನ್ನ ಮುಖದ ಮೇಲೆ ಎಳೆದ ಹಾಗಾಯಿತು. ನನ್ನ ಕೈಯ ಕೋಲಿನ ತುದಿ ನನಗೇ ಕಾಣದಾಯಿತು.

ಆಗ ಕೇಳಿಸಿತು.

"ಮರೀ…"

ಒಂದೇ ಸಲ.

ಓ ಎಂಬುದು ಗಂಟಲವರೆಗೆ ಬಂತು. ಅಲ್ಲೇ ನಿಂತಿತು. ನಾನು ವಿಜ್ಞಾನ ಓದಿದವಳು, ಓದಿಸುವವಳು. ಆದರೂ ಆ ಬಿಳುಪಿನಲ್ಲಿ ನಿಂತಾಗ ನನ್ನೊಳಗೆ ಇದ್ದದ್ದು ಬಾಗಿಲ ಚೌಕಟ್ಟಿನ ಸೀಮೆಸುಣ್ಣದ ಅಕ್ಷರ ಮಾತ್ರ. ಆ ದನಿ ಎಡದಿಂದ ಬಂತೋ, ಮುಂದಿನಿಂದಲೋ, ಕೆಳಗಿನಿಂದಲೋ ತಿಳಿಯಲಿಲ್ಲ. ಎರಡನೆಯದಕ್ಕೆ ಕಾದೆ. ಅವರು ಯಾವಾಗಲೂ ಎರಡು ಸಲ ಕರೆಯುವವರು. ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ… 

ಕರೆಯಲಿಲ್ಲ.

ಆಮೇಲೆ ಕಿರುಚಿದೆ. ಆಂಟೀ, ಆಂಟೀ ಎಂದು ಕೂಗಿದೆ. ಕೊರಳಿಗೆ ನೇತುಹಾಕಿಕೊಂಡಿದ್ದ ಪೀಪಿಯನ್ನು ಎದೆ ನೋಯುವಷ್ಟು ಊದಿದೆ. ಮಳೆ ಶುರುವಾಯಿತು. ಎಷ್ಟು ಹೊತ್ತು ಎಂದು ಆಮೇಲೆ ಎಲ್ಲರೂ ಕೇಳಿದರು. ಗೊತ್ತಿಲ್ಲ. ಗಡಿಯಾರವನ್ನು ಮತ್ತೆ ನೋಡಲಿಲ್ಲ.

ಪೀಪಿ ಕೇಳಿಸಿಕೊಂಡು ವಾಚರ್ ಹುಡುಗರನ್ನೆಲ್ಲ ಒಂದೆಡೆ ಕೂರಿಸಿ ಹಿಂದಿರುಗಿದ. ಮಂಜು ತುಸು ಹರಿದಾಗ ಅವನ ಆಕಾರ ಕಂಡಿತು. ನನ್ನನ್ನು ಕಂಡವನೇ ಅವನು ಓಡಿ ಬರಲಿಲ್ಲ. ಕಲ್ಲಾಗಿ ನಿಂತ. ತಗ್ಗಿದ ದನಿಯಲ್ಲಿ ಹೇಳಿದ. "ಮೇಡಂ, ಅಲ್ಲಾಡ್ಬೇಡಿ. ಇದ್ದಲ್ಲೇ ಕೂತ್ಕೊಳಿ. ಕೂತ್ಕೊಳಿ ಅಂದ್ನಲ್ಲ!"

ಕೂತೆ. ಕೂತ ಮೇಲೆ ಸುತ್ತ ನೋಡಿದೆ. ಕಾಲುದಾರಿ ನನ್ನ ಬೆನ್ನ ಹಿಂದೆ, ದೂರದಲ್ಲಿತ್ತು. ಸುತ್ತ ಸೊಂಟದೆತ್ತರದ ಹುಲ್ಲು. ಮುಂದೆ, ಕೋಲು ಚಾಚಿದರೆ ತಗಲುವಲ್ಲಿ, ಹುಲ್ಲು ಬಾಗಿತ್ತು… ನಾನು ಅಲ್ಲಾಡಲಿಲ್ಲ ಎಂದುಕೊಂಡಿದ್ದೆ. ಈಗಲೂ ನನಗೆ ನಡೆದ ನೆನಪಿಲ್ಲ. ಕೂಗುತ್ತಾ, ಊದುತ್ತಾ, ನನ್ನ ಕಾಲುಗಳು ನನಗೆ ಹೇಳದೆ ಆ ದನಿಯ ಕಡೆ ಹೊರಟಿದ್ದವು.

ವಾಚರ್ ಹೊಟ್ಟೆಯ ಮೇಲೆ ತೆವಳಿಕೊಂಡು ಬಂದು ನನ್ನ ಪಾದ ಹಿಡಿದು ಹಿಂದಕ್ಕೆ ಎಳೆದ. ನನ್ನನ್ನು ದಾರಿಯಲ್ಲಿ ಕೂರಿಸಿ, ಅಂಚಿನ ಕಡೆ ಮುಖ ಮಾಡಿ "ಅಮ್ಮಾ… ಅಮ್ಮಾ" ಎಂದು ಕೂಗಿದ.

ಕೆಳಗಿನಿಂದ, ಮಳೆಯ ಸದ್ದಿನ ನಡುವೆ, ಬಹಳ ಸ್ಪಷ್ಟವಾಗಿ ಬಂತು.

"ಓ."

ಅಂಚಿನ ಕೆಳಗೆ ಬಂಡೆಯೊಂದು ಚಾಚಿಕೊಂಡಿತ್ತು. ಅದರ ಮೇಲಿನ ಪೊದೆಗೆ ಸಿಕ್ಕಿಕೊಂಡಿದ್ದರು. ಸೊಂಟದ ಮೂಳೆ ಮುರಿದಿತ್ತು. ಹಗ್ಗ, ಜಮಖಾನೆ, ಊರಿನಿಂದ ಬಂದ ನಾಲ್ಕು ಜನ… ಮೇಲೆ ಎತ್ತಿ ತಂದಾಗ ಅವರ ಮುಖ ಸುಣ್ಣದ ಹಾಗಿತ್ತು, ಕಾಲುಚೀಲದಿಂದ ನಶ್ಯದ ವಾಸನೆ ಏಳುತ್ತಿತ್ತು, ಮುಷ್ಟಿಯಲ್ಲಿ ಆ ಪ್ಯಾಕೆಟ್ಟಿತ್ತು. ಇಷ್ಟು ಹೊತ್ತು ಪ್ರಜ್ಞೆ ತಪ್ಪಿದ್ದಿರಬೇಕು, ವಾಚರ್ ಕೂಗಿದಾಗ ಎಚ್ಚರವಾಗಿರಬೇಕು ಎಂದು ಎಲ್ಲರೂ ಅಂದುಕೊಂಡೆವು. ಆಸ್ಪತ್ರೆಯಲ್ಲೂ ಹಾಗೆಯೇ ಹೇಳಿದೆವು.

ಬೆಂಗಳೂರಿಗೆ ತಂದು ಆಪರೇಷನ್ ಮಾಡಿಸಿದರು. ದೀಪಾವಳಿಗೆ ಮನೆಗೆ ಬಂದರು. ವಾಕರ್ ಹಿಡಿದು ಬಾಗಿಲವರೆಗೆ ನಡೆದು, ಅಲ್ಲಿಂದಲೇ "ಮರೀ… ಮರೀ" ಎಂದು ಕರೆಯುತ್ತಿದ್ದರು. ನಾನು ಓಡಿ ಹೋಗುತ್ತಿದ್ದೆ. ಆದರೆ ಆ ಮಧ್ಯಾಹ್ನದ ನಂತರ ನನಗೆ ಒಂದು ರಾತ್ರಿಯೂ ಪೂರ್ತಿ ನಿದ್ದೆ ಇರಲಿಲ್ಲ. ಕಣ್ಣು ಹತ್ತಿದರೆ ಸಾಕು, ಆ ಒಂದೇ ಕೂಗು. ಎದ್ದು ಕೂತು ಎರಡನೆಯದಕ್ಕೆ ಕಾಯುತ್ತಿದ್ದೆ. ತರಗತಿಯಲ್ಲಿ ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಬರೆಯುವಾಗ ಪಾದದ ಕೆಳಗೆ ಹುಲ್ಲು ಬಾಗುತ್ತಿತ್ತು. ಅದು ಅವರೇ ಕರೆದದ್ದೋ ಅಥವಾ ಮಂಜು, ಗಾಳಿ, ನನ್ನ ಹೆದರಿಕೆ ಸೇರಿ ಮಾಡಿದ ದನಿಯೋ ಎಂಬುದೊಂದು ಗೊತ್ತಾಗಿಬಿಟ್ಟರೆ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ಕೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಅವರೇ ಕರೆದಿದ್ದರೆ, ಓ ಎನ್ನದೆ ನಿಂತವಳು ನಾನು.

ಅವರೆಕಾಯಿ ಬಂದ ಕಾಲ. ಒಂದು ಭಾನುವಾರ ಮಧ್ಯಾಹ್ನ ಅವರ ನಡುಮನೆಯಲ್ಲಿ ಇಬ್ಬರೂ ನೆನೆಸಿದ ಕಾಳಿನ ಬೋಗುಣಿ ಇಟ್ಟುಕೊಂಡು ಹಿದುಕುತ್ತಾ ಕೂತಿದ್ದೆವು. ಅವರು ಕುರ್ಚಿಯಲ್ಲಿ, ನಾನು ಕೆಳಗೆ. ಬೆರಳಿಂದ ಒತ್ತಿದರೆ ಕಾಳು ಸಿಪ್ಪೆಯಿಂದ ಟಪ್ಪೆಂದು ಹಾರುತ್ತಿತ್ತು.

"ಆಂಟಿ, ಅವತ್ತು ನೀವು ನನ್ನ ಕರೆದ್ರಾ?"

ಅವರ ಕೈ ನಿಲ್ಲಲಿಲ್ಲ. "ಎಷ್ಟ್ ಸಲ ಕೇಳಿಸ್ತು?"

"ಒಂದೇ ಸಲ."

"ಓ ಅಂದ್ಯಾ?"

"ಇಲ್ಲ."

"ಮತ್ತಿನ್ನೇನು! ಇಷ್ಟು ವರ್ಷ ಹೇಳ್ಕೊಟ್ಟಿದ್ದು ಸಾರ್ಥಕ ಆಯ್ತು ಬಿಡು" ಎಂದು ನಕ್ಕರು. ನಾನು ನಗಲಿಲ್ಲ. ಅವರು ಇನ್ನೊಂದು ಹಿಡಿ ಕಾಳು ತೆಗೆದುಕೊಂಡರು. ಅದನ್ನು ಹಿದುಕಿ ಮುಗಿಸಿದರು. ಆಮೇಲೆ ಬೋಗುಣಿಗೆ ಹೇಳುವ ಹಾಗೆ ಹೇಳಿದರು.

"ಕಾಲು ಜಾರಿದ ತಕ್ಷಣ ಬಾಯಿಗೆ ನೀನು ಬಂದೆ. ಮೊದಲನೇದು ನನ್ನ ಕೈಲಿರ್ಲಿಲ್ಲ ಮರಿ. ಎರಡನೇದು ನನ್ನ ಕೈಲಿತ್ತು."

ನಾನು ಕೈಯಲ್ಲಿದ್ದ ಕಾಳನ್ನು ಬೋಗುಣಿಗೆ ಹಾಕಿದೆ.

"ನಿಮಗೆ… ಎಚ್ಚರ ಇತ್ತಾ?"

"ಇಲ್ದೆ ಏನು. ನಿನ್ನ ಪೀಪಿ ಎಲ್ಲಾ ಕೇಳಿಸ್ತಿತ್ತು. ಏನ್ ಊದಿದ್ದೇ ಊದಿದ್ದು, ಟೋಲ್‌ಗೇಟ್ ಸಿಗ್ನಲ್ ಪೊಲೀಸಪ್ಪನ ಥರ."

"ಮತ್ಯಾಕೆ ಓ ಅನ್ಲಿಲ್ಲ ನೀವು? ನಾನು ಅಷ್ಟು ಕೂಗ್ತಿದ್ನಲ್ಲ!" ನನ್ನ ದನಿ ಏರಿತ್ತು. ಅಳುತ್ತಿದ್ದೆನೋ, ಸಿಟ್ಟಾಗಿದ್ದೆನೋ.

"ಅಂದಿದ್ರೆ ನಿಂತಲ್ಲಿ ನಿಂತಿರ್ತಿದ್ಯಾ ನೀನು?"

ಹುಲ್ಲಿನಲ್ಲಿ ನಾನು ಕೂತಿದ್ದ ಜಾಗ ಕಣ್ಣ ಮುಂದೆ ಬಂತು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

"ಅಂಕಲ್‌ಗೆ ಹೇಳ್ಬೇಡ, ಬೈತಾರೆ" ಎಂದರು. "ಏಳು, ಸಿಪ್ಪೆ ತಗೊಂಡೋಗಿ ಹಾಕು. ಸಾರಿಗೆ ಹೊತ್ತಾಯ್ತು."

ಗೊತ್ತಾದರೆ ನಿದ್ದೆ ಬರುತ್ತದೆ ಎಂದುಕೊಂಡಿದ್ದೆನಲ್ಲ… ಬರಲಿಲ್ಲ. ಅಲ್ಲಿಯವರೆಗೆ ನನ್ನನ್ನು ಎಬ್ಬಿಸುತ್ತಿದ್ದದ್ದು ಒಂದು ಕೂಗು. ಆಮೇಲೆ ಎಬ್ಬಿಸತೊಡಗಿದ್ದು ಕೂಗಿನ ನಂತರದ ಮೌನ. ಮುರಿದ ಸೊಂಟದಲ್ಲಿ, ಮಳೆಯಲ್ಲಿ ಮಲಗಿಕೊಂಡು, ತಲೆಯ ಮೇಲೆ ಅಷ್ಟು ಹತ್ತಿರದಲ್ಲಿ ತಮ್ಮನ್ನು ಕರೆಯುತ್ತಿರುವ ದನಿಗೆ ಓ ಎನ್ನದೆ ಹಲ್ಲು ಕಚ್ಚಿದ ಒಬ್ಬ ಹೆಂಗಸು. ನಾನು ಅವರನ್ನು ಎರಡು ಸಲವಲ್ಲ, ನೂರು ಸಲ ಕರೆದಿದ್ದೆ. ನಾನು ದೆವ್ವವಲ್ಲವೆಂದು ಅವರಿಗೆ ಗೊತ್ತಿತ್ತು.

ಆ ಬೇಸಿಗೆಯಲ್ಲಿ ಅವರು ಹೋದರು. ಮಲಗಿ ಮಲಗಿ ಎದೆಯಲ್ಲಿ ಕಫ ಕಟ್ಟಿತ್ತು, ಜ್ವರ ಇಳಿಯಲಿಲ್ಲ. ಕೊನೆಯ ಸಲ ನೋಡಲು ಹೋದಾಗ ಮಾತಿರಲಿಲ್ಲ. ನಾನು ಕಿವಿಯ ಬಳಿ ಬಗ್ಗಿ ಎರಡು ಸಲ ಕರೆದೆ. ಕಣ್ಣುರೆಪ್ಪೆ ಅಲ್ಲಾಡಿದ ಹಾಗಾಯಿತು. ಅಥವಾ ಹಾಗೆಂದುಕೊಂಡೆನೋ…

ಎದುರುಮನೆಯಲ್ಲಿ ಈಗ ಅಂಕಲ್ ಜೊತೆ ಅವರ ತಂಗಿ ಇದ್ದಾರೆ. ಮನೆಗೆ ಹೊಸ ಬಣ್ಣ ಬಂದಿದೆ. ಚೌಕಟ್ಟಿನ ಮೂಲೆ ಖಾಲಿ. ಗ್ಯಾಸಿನವನು ಒಂದು ಸಲ ಕೂಗಿದರೆ ಸಾಕು, ಅಂಕಲ್ "ಓ, ಬಂದೆ" ಎಂದು ಚಪ್ಪಲಿಯನ್ನೂ ಮೆಟ್ಟದೆ ಓಡಿ ಬರುತ್ತಾರೆ. ಯಾಕೆ ಅಷ್ಟು ಆತುರವೆಂದು ನಾನು ಕೇಳಿಲ್ಲ.

ಮೊನ್ನೆ ಮೆಟ್ರೋದಿಂದ ಇಳಿದವಳು ವಿಜಯನಗರದ ಮಾರ್ಕೆಟ್ಟಿನ ಕಡೆ ತಿರುಗಿದೆ. ಎಲೆ ಅಡಿಕೆ ಅಂಗಡಿಯಲ್ಲಿ ನಶ್ಯ ಕೇಳಿದೆ. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಜ್ಜಿಗಾ ಮೇಡಂ?" ಎಂದರು. ಹೂಂ ಎಂದೆ. ಮನೆಗೆ ಬಂದು ಕಪಾಟಿನ ತಳದಿಂದ ಬೆಟ್ಟದ ಬೂಟು ತೆಗೆದೆ. ಅವತ್ತಿನ ಮಣ್ಣು ಒಣಗಿ ಹಾಗೇ ಇತ್ತು. ಹಿತ್ತಲ ಕಲ್ಲಿನ ಮೇಲೆ ಕೂತು ತಿಕ್ಕಿ ತೊಳೆದೆ. ನಶ್ಯದ ಪೊಟ್ಟಣವನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ.

ಎಚ್ಚರವಾದಾಗ ಬಿಸಿಲು ಮಂಚದ ಕಾಲಿನವರೆಗೆ ಬಂದಿತ್ತು. ನಾನು ಗಡಿಬಿಡಿಯಿಂದ ಎದ್ದೆ. ನಡುವೆ ಒಮ್ಮೆಯೂ ಏಳಲಿಲ್ಲವೆಂಬುದು ಹಲ್ಲುಜ್ಜುವಾಗ ಹೊಳೆಯಿತು. ಅಮ್ಮ ಕಾಫಿ ಲೋಟ ಇಟ್ಟು ನನ್ನನ್ನೇ ನೋಡುತ್ತಿದ್ದಳು.

"ರಾತ್ರಿ ನಿದ್ದೇಲಿ ಓ ಅಂದ್ಯಲ್ಲೇ. ಏನ್ ಜೋರಾಗಂದೆ! ಗಾಬರಿಯಾಗಿ ಎದ್ ಬಂದು ನೋಡಿದ್ರೆ ಗೊರಕೆ ಹೊಡೀತಿದ್ದೀಯ. ಯಾರೇ ಕರೆದಿದ್ದು?"

"ಗೊತ್ತಿಲ್ಲಮ್ಮ" ಎಂದೆ.

ಗೊತ್ತಿತ್ತು. ಎಷ್ಟು ಸಲ ಕರೆದರೆಂಬುದು ಮಾತ್ರ ಗೊತ್ತಿರಲಿಲ್ಲ. ಇನ್ನು ನನ್ನನ್ನು ಮರಿ ಎನ್ನುವವರು ಈ ಬೀದಿಯಲ್ಲಿ ಯಾರೂ ಇಲ್ಲ. ಲೋಟ ಹಿಡಿದು ಬಾಗಿಲಿಗೆ ಬಂದೆ. ಕಟ್ಟೆಯ ಮೇಲೆ ಒಣಗಲು ಇಟ್ಟ ಬೂಟಿನ ಮೇಲೆ ಬಿಸಿಲು ಬಿದ್ದಿತ್ತು. ಬೀದಿಯ ಆ ತುದಿಯಿಂದ ಹೂವಿನಾಕೆ "ಮಲ್ಲಿಗೇ…" ಎಂದು ಕೂಗಿದಳು.

ಗೇಟಿನ ಮೇಲೆ ಕೈಯಿಟ್ಟುಕೊಂಡು ನಿಂತೆ. ಇನ್ನೊಂದು ಸಲ ಕೂಗಲಿ ಎಂದು ಕಾದೆ.